ಎಂಟು ಗುರುತಿನ ಸೀಸೆ

ನಿಜಾಮರ ಆಳ್ವಿಕೆ ಮುಗಿದು ಹೊಸ ಸರ್ಕಾರ ಬಂದ ಹೊಸತರಲ್ಲಿ, ಶಹಾಪುರದ ಹತ್ತಿರದ ನಮ್ಮ ಕುರಿಹಟ್ಟಿಯಲ್ಲಿ ಅವ್ವ ಚಳಿಜ್ವರ ಹಿಡಿದು ಮಲಗಿದ್ದಳು. ದಿನ ಬಿಟ್ಟು ದಿನ ಬರುವ ಜ್ವರ. ಮೂರು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿದ್ದವು. ಅವ್ವ ಸತ್ತೇಹೋಗುತ್ತಾಳೆಂದು ನಾನು ಹೆದರಿದ್ದೆ. ನನ್ನ ಆಯಿ, ಎಂದರೆ ಅಪ್ಪನ ತಾಯಿ, ಹೆದರುವ ಪೈಕಿ ಅಲ್ಲ. ಖಾಲಿ ಸೀಸೆಯನ್ನು ಸೆರಗಿಗೆ ಕಟ್ಟಿಕೊಂಡು, ನನ್ನ ಕೈ ಹಿಡಿದು ಸರ್ಕಾರಿ ದವಾಖಾನೆಗೆ ನಡೆದಳು.

ಹೊಸದಾಗಿ ಬಂದ ಡಾಕ್ಟರು ಎಲ್ಲ ವಿಚಾರಿಸಿ ಸೀಸೆ ತುಂಬ ಕಹಿ ಔಷಧಿ ಕೊಡಿಸಿದರು. ಹೊರಗೆ ಅಂಟಿಸಿದ ಕಾಗದದ ಪಟ್ಟಿಯಲ್ಲಿ ಎಂಟು ಗುರುತು. ಹೊತ್ತಿಗೊಂದು ಗುರುತಿನಷ್ಟು ಅವ್ವನಿಗೆ ಕುಡಿಸಬೇಕು ಎಂದರು. ಆಯಿ ಅದನ್ನು ಕೇಳಿಸಿಕೊಂಡಳೋ ಬಿಟ್ಟಳೋ, ದಾರಿಯುದ್ದಕ್ಕೂ ಗುರುತು ಎಣಿಸಿದ್ದೇ ಎಣಿಸಿದ್ದು.

“ನಾವೂ ಎಂಟ್ ಮಂದಿ! ಸರಕಾರಕ್ಕ ಎಲ್ಲಾ ಗೊತ್ತೈತಿ ನೋಡು,” ಎಂದು ಹಿಗ್ಗಿದಳು.

ಕುರಿ ಸಾಕುವವರ ರೀತಿಯೇ ಹಾಗೆ. ಒಂದಕ್ಕೆ ಬೇನೆ ಬಂದರೆ ಇಡೀ ಹಿಂಡಿಗೆ ಔಷಧಿ ಹಾಕುತ್ತೇವೆ. ಅಂದು ಸಂಜೆ ಆಯಿ ನಮ್ಮನ್ನೆಲ್ಲ ಸಾಲಾಗಿ ಕೂರಿಸಿ, ಗದ್ದ ಎತ್ತಿ, ಕುರಿಗೆ ಕುಡಿಸುವ ಬಿದಿರಿನ ಗೊಟ್ಟದಲ್ಲೇ ತಲೆಗೊಂದು ಗುರುತು ಸುರಿದಳು. ಉಗುಳಲು ಹೋದ ಅಪ್ಪ ಬೆನ್ನಿಗೆ ಗುದ್ದು ತಿಂದ.

ಮೂರನೆಯ ದಿನ ಅವ್ವನಿಗೆ ಮತ್ತೆ ಜ್ವರ. ಆಯಿ ಖಾಲಿ ಸೀಸೆ ಹಿಡಿದು ಡಾಕ್ಟರ ಮುಂದೆ ನಿಂತಳು. ನಡೆದದ್ದು ಕೇಳಿ ಅವರು ತಲೆಯ ಮೇಲೆ ಕೈ ಹೊತ್ತರು.

“ಜಡ್ಡಿಗೆ ಬಿದ್ದಾಕಿ ಒಬ್ಬಾಕಿ. ಎಲ್ಲಾರಿಗೂ ಯಾಕ ಕುಡಿಸಿದಿ ಯವ್ವಾ?”

“ಸರಕಾರ ಎಲ್ಲಾರದೂ ಅಂತ ನೀವೇ ಡಂಗುರ ಹೊಡಸೀರಿ. ಹಂಗಾರ ಔಷಧ ಒಬ್ಬಾಕಿಗೇ ಯಾಕ್ರಿ? ಉಳದವ್ರು ಹಾಸಿಗಿ ಹಿಡಿಯೋತನಕ ಕಾಯಬೇಕೇನ್ರಿ?”

ಕಂಪೌಂಡರ್ ಕಿಸಕ್ಕನೆ ನಕ್ಕ. ಡಾಕ್ಟರು ನಗಲಿಲ್ಲ. ಆಯಿಯ ಮುಖ ನೋಡಿ, “ಖರೇ ಐತಿ. ನಾಳೆ ನಾನೇ ಬರ್ತೀನಿ,” ಎಂದರು.

ಬಂದೇಬಿಟ್ಟರು, ಸೈಕಲ್ ಮೇಲೆ, ಹಟ್ಟಿಯ ನಾಯಿಗಳನ್ನೆಲ್ಲ ಬೆನ್ನು ಹತ್ತಿಸಿಕೊಂಡು. ಎಲ್ಲರ ಹೊಟ್ಟೆಯನ್ನೂ ಒತ್ತಿ ಒತ್ತಿ ನೋಡಿದರು. ನನ್ನ ಎಡಪಕ್ಕೆಯ ಕೆಳಗೆ ಬೆರಳು ನಿಂತಿತು. ಚಳಿಜ್ವರಕ್ಕೆ ಒಳಗಿನ ಗುಲ್ಮ ಊದಿತ್ತಂತೆ. ತಮ್ಮನದೂ ಅಷ್ಟೇ. ಅವ್ವನ ಜ್ವರವೇ ನಮ್ಮಿಬ್ಬರಲ್ಲೂ ಸದ್ದಿಲ್ಲದೆ ಕುಳಿತಿತ್ತು.

ಈ ಸಲ ಮೂರು ಸೀಸೆ ಬಂದವು. ಯಾರದು ಯಾವುದೆಂದು ಡಾಕ್ಟರು ಆಯಿಯ ಬಾಯಲ್ಲಿ ಮೂರು ಸಲ ಹೇಳಿಸಿದರು. ಅವ್ವ ವಾರದೊಳಗೆ ಎದ್ದು ರೊಟ್ಟಿ ಬಡಿದಳು. ಅಂಥ ರುಚಿಯ ರೊಟ್ಟಿ ನಾನು ಮತ್ತೆ ತಿಂದಿಲ್ಲ. ಆದರೆ ನನ್ನ ಕಣ್ಣಿಗೆ ಕಟ್ಟಿರುವುದು ಡಾಕ್ಟರು ಬಂದ ಆ ದಿನವೇ. ಕೆಲಸ ಮುಗಿಸಿ ಅವರು ಸೈಕಲ್ ಹತ್ತಿದ್ದರು. ಆಯಿ ಹಿಂದಿನಿಂದ ಕ್ಯಾರಿಯರ್ ಹಿಡಿದು ನಿಲ್ಲಿಸಿದಳು.

“ಹಂಗೇ ಹೊಂಟ್ರ್ಯಾ? ಆಚಿ ಹಟ್ಟಿ ಮಂದಿ ಯಾವ ಸರಕಾರದವ್ರು ಮತ್ತ?”

ಡಾಕ್ಟರು ಇಳಿದರು. ಸೈಕಲ್ ತಳ್ಳಿಕೊಂಡು ಅವಳ ಹಿಂದೆ ನಡೆದರು.