ಅಳತೆ ಮೇಸ್ತ್ರಿಯ ಹಾರ್ನ್ ಬಾಕ್ಸ್

ನನ್ನ ಗಂಡನಿಗೆ ಎಲ್ಲರೂ ಇಟ್ಟ ಹೆಸರು ಅಳತೆ ಮೇಸ್ತ್ರಿ. ಬಡಗಿ ಕೆಲಸ. ಬೇರೆಯವರು ಅಳೆದದ್ದನ್ನು ಒಪ್ಪೋ ಜನ್ಮವೇ ಅಲ್ಲ ಇದು. ಅಂಗಡಿಯವನು ಪ್ಲೈವುಡ್ ಹಾಳೆ ಎಂಟಡಿ ಅಂದರೆ ಅಲ್ಲೇ ಟೇಪ್ ಎಳೀತಾರೆ, ಬೆರಳಲ್ಲಿ ತಟ್ಟುತ್ತಾರೆ, ಅಂಚು ಮೂಸುತ್ತಾರೆ. ಇಷ್ಟೆಲ್ಲ ಆಗಿ ಮನೆಗೆ ಬಂದು, "ಏನೋ ಮೋಸ ಇದೆ ಕಣೇ, ಸುಲಭವಾಗಿ ಕೊಟ್ಟುಬಿಟ್ಟ" ಅಂತಾರೆ. ಬಾಗಿಲು ಹಾಕಿದೆ ಅಂದರೆ ಎದ್ದು ಹೋಗಿ ಚಿಲಕ ಎಳೆದು ನೋಡ್ತಾರೆ. ಸಾರಿಗೆ ಉಪ್ಪು ಹಾಕಿದೆ ಅಂದರೆ, "ನಿಜವಾಗಲೂ?" ಅಂತಾರೆ. ಇಪ್ಪತ್ತೆರಡು ವರ್ಷದ ಸಂಸಾರ ಸ್ವಾಮೀ. ತಾಳ್ಮೆಗೆ ಬಹುಮಾನ ಕೊಡೋರು ಯಾರಾದರೂ ಇದ್ದರೆ ನನ್ನ ವಿಳಾಸ ಕೊಡ್ತೀನಿ.

ಇವರಿಗೆ ಈ ಹಾರ್ನ್ ಬಾಕ್ಸಿನ ಹುಚ್ಚು ಅಂಟಿದ್ದು ಮದುವೆಗೂ ಮುಂಚೆ, ಟಾಕೀಸಿನಲ್ಲಿ ಮುರಿದ ಕುರ್ಚಿ ರಿಪೇರಿ ಮಾಡುವಾಗ. ಪರದೆಯ ಹಿಂದೆ ಆಳೆತ್ತರದ ಮರದ ಪೆಟ್ಟಿಗೆಗಳು ನಿಂತಿದ್ದವಂತೆ. ಸ್ಪೀಕರ್ ಕಣ್ಣಿಗೆ ಬೀಳೋದೇ ಇಲ್ಲ, ಒಳಗೆಲ್ಲೋ ಅಡಗಿರುತ್ತೆ. ಅದರ ಮುಂದೆ ದನಿ ಹೋಗೋಕೆ ಕಿರಿದಾದ ಒಂದು ದಾರಿ, ಅದು ಹೋಗ್ತಾ ಹೋಗ್ತಾ ಅಗಲವಾಗಿ ಕೊನೆಗೆ ದೊಡ್ಡ ಬಾಯಾಗಿ ತೆರೆದುಕೊಳ್ಳುತ್ತೆ. ಹಾರ್ನ್ ಅಂದರೆ ಆ ದಾರಿಯೇ. ಅಂಗೈ ಬಾಯಿಗೆ ಹಿಡಿದು ಕೂಗಿದ ಹಾಗೆ, ಸಣ್ಣ ಸ್ಪೀಕರಿಗೂ ಭಾರೀ ದನಿ ಬರುತ್ತೆ. ಗುಂಯ್ ಅನ್ನೋ ಕೆಳಗಿನ ದನಿ ಬೇಕಾದರೆ ಆ ದಾರಿ ಬಹಳ ಉದ್ದ ಇರಬೇಕು. ಮನೆಯಲ್ಲಿ ಅಷ್ಟು ಜಾಗ ಎಲ್ಲಿಂದ ತರೋದು? ಅದಕ್ಕೆ ದಾರಿಯನ್ನು ಪೆಟ್ಟಿಗೆಯೊಳಗೇ ಮೂರು ನಾಲ್ಕು ಸಲ ಮಡಚಿಡಬೇಕು. ಟಾಕೀಸು ಮುಚ್ಚಿದ ದಿನ ಇವರು ಹೋಗಿ ಆ ಪೆಟ್ಟಿಗೆಗಳನ್ನು ಒಳಹೊರಗೆ ಅಳೆದುಕೊಂಡು ಬಂದರು. ಅಂಥದ್ದೊಂದು ಮನೆಯಲ್ಲಿ ಕೇಳಬೇಕು ಅನ್ನೋದು ಇವರ ಜೀವಮಾನದ ಆಸೆ.

ಆಸೆಗೆ ಜೊತೆಯಾದವನು ನಮ್ಮಣ್ಣ. ರೇಡಿಯೋ ರಿಪೇರಿಯವನು. ಇವರಿಗೆ ಅವನು ಭಾವ, ಅವನಿಗೆ ಇವರು ಭಾವ, ಇಬ್ಬರೂ ಒಂದು ಕಡೆ ಕೂತರೆ ಭಾವ ಭಾವ ಅಂತ ನನ್ನ ಕಿವಿ ತೂತು. ಅಪ್ಪ ಅಮ್ಮ ಹೋದ ಮೇಲೆ ನನಗೆ ತವರು ಅಂತ ಉಳಿದಿರೋದು ಅವನೊಬ್ಬನೇ. ಹಾಗಾಗಿ ಇವರಿಬ್ಬರೂ ಒಂದೇ ಜೊತೆಯ ಎರಡು ಹನ್ನೆರಡಿಂಚಿನ ಸ್ಪೀಕರ್ ತಂದು, "ಒಂದು ನೀವು ಮಾಡಿ, ಒಂದು ನಾನು ಮಾಡ್ತೀನಿ, ಯಾವುದು ಚೆನ್ನಾಗಿದೆ ನೋಡೇಬಿಡೋಣ" ಅಂದಾಗ ನನ್ನ ಎದೆ ಧಸಕ್ಕೆಂದಿತ್ತು. ಗೆದ್ದವರು ಯಾರೇ ಆಗಲಿ, ಜಗಳ ಆದರೆ ಮುಚ್ಚೋದು ನನ್ನ ತವರಿನ ಬಾಗಿಲು.

ಇವರು ಹನ್ನೊಂದು ತಿಂಗಳು ತಗೊಂಡರು. ಟಾಕೀಸಿನ ಅಳತೆಯನ್ನೇ ಮನೆಗೆ ತಕ್ಕಷ್ಟು ಇಳಿಸಿದರು. ಒಳಗಿನ ಒಂದೊಂದು ಹಲಗೆಗೂ ಗೋಂದು ಹಾಕಿ, ಸಂದಿಗೆ ಮರದ ಪುಡಿ ತುಂಬಿ, ಗಾಳಿ ಸೋರುತ್ತಾ ಅಂತ ಊದುಬತ್ತಿ ಹಿಡಿದು ನೋಡಿದರು. ಅಣ್ಣ ತನ್ನದನ್ನು ನಾಲ್ಕು ತಿಂಗಳಲ್ಲಿ ಮುಗಿಸಿದ್ದ. "ಇಷ್ಟು ಬೇಗ ಹೇಗೆ ಮುಗೀತು? ಏನೋ ಇದೆ" ಅಂತ ಇವರು ಅವತ್ತಿನಿಂದಲೇ ಶುರು.

ಒಂದು ಭಾನುವಾರ ಮಧ್ಯಾಹ್ನ ನಮ್ಮ ಮುಂಭಾಗದ ಕೋಣೆಯಲ್ಲಿ ಪರೀಕ್ಷೆ. ಅಣ್ಣನ ಪೆಟ್ಟಿಗೆಯನ್ನು ಇವರೇ ಎತ್ತಿ ಒಳಗೆ ತಂದು, "ಬಾಗಿಲ ಹತ್ತಿರ ಬೇಡ, ಯಾರಾದರೂ ಎಡವಿದರೆ ಗೀರು ಬೀಳುತ್ತೆ" ಅಂತ ಒಳಗಿನ ಮೂಲೆಯಲ್ಲಿ ಇಟ್ಟರು. ತಮ್ಮದು ಬಾಗಿಲ ಪಕ್ಕದ ಗೋಡೆಗೆ. ಮೇಲಿನ ದನಿಗೆಲ್ಲ ಮಧ್ಯದಲ್ಲಿ ಒಂದೇ ಸಣ್ಣ ಸ್ಪೀಕರ್. ಪೆಟ್ಟಿಗೆಗಳಿಂದ ಬರೋದು ಕೆಳಗಿನ ದನಿ ಮಾತ್ರ, ಅದು ಯಾವ ಕಡೆಯಿಂದ ಬರುತ್ತೆ ಅಂತ ಕಿವಿಗೆ ಗೊತ್ತಾಗೋದಿಲ್ಲವಂತೆ. ವೈರ್ ಬದಲಾಯಿಸೋಕೆ ನಾನು, ಯಾಕೆಂದರೆ ಭಾವ ಮುಟ್ಟಿದರೆ ಇವರಿಗೆ ನಂಬಿಕೆ ಇಲ್ಲ. ಇಬ್ಬರೂ ಕಣ್ಣಿಗೆ ಟವೆಲ್ ಕಟ್ಟಿಕೊಂಡು ಕೂತರು. ನಗು ತಡೆಯೋಕೆ ನಾನು ಸೆರಗು ಕಚ್ಚಿಕೊಂಡೆ.

ಹಾಡು ಹಾಕಿದೆ. ಒಂದರಲ್ಲಿ ಸಾಧಾರಣ. ಇನ್ನೊಂದಕ್ಕೆ ವೈರ್ ಹಾಕಿದೆ ನೋಡಿ, ನೆಲವೇ ಗುಂಯ್ ಅಂತು, ಅಂಗಾಲಿಗೆ ತಾಕಿತು.

"ಇದೇ! ಇದು ನನ್ನದು!" ಅಂತ ಇವರು ಟವೆಲ್ ಕಿತ್ತರು.

ಅಣ್ಣನದು. ಮತ್ತೆ ಕಟ್ಟಿಕೊಂಡರು, ಮತ್ತೆ ಅದನ್ನೇ ತಮ್ಮದು ಅಂದರು. ಮೂರನೇ ಸಲವೂ ಅಷ್ಟೇ. ಅಣ್ಣ ತುಟಿ ಪಿಟಕ್ಕೆನ್ನಲಿಲ್ಲ. ಇವರ ಮುಖ ಇಂಗು ತಿಂದ ಮಂಗನ ಹಾಗಾಯಿತು.

"ಭಾವ, ಒಳಗೆ ಬೇರೆ ಸ್ಪೀಕರ್ ಹಾಕಿದ್ದೀರಾ?"

"ಏನು ಮಾತು ಅಂತ ಆಡ್ತೀರಿ ಭಾವ?"

"ಹಾಗಾದರೆ ಬಿಚ್ಚಿ ತೋರಿಸಿ."

"ರೀ, ಸುಮ್ಮನಿರ್ತೀರಾ!" ಅಂದೆ. ಯಾರು ಕೇಳ್ತಾರೆ? ಸ್ಕ್ರೂಡ್ರೈವರ್ ಆಗಲೇ ಕೈಯಲ್ಲಿತ್ತು. ಮನೆಗೆ ಬಂದ ಭಾವನ ಪೆಟ್ಟಿಗೆಯನ್ನು ಅವನೆದುರಿಗೇ ಬಿಚ್ಚಿದರು. ಒಳಗಿದ್ದದ್ದು ಅದೇ ಸ್ಪೀಕರ್. ಆಗಲಾದರೂ ಬಾಯಿ ಮುಚ್ಚಬಾರದಾ? "ನಿನ್ನೆಯೇ ಏನೋ ಮಾಡಿಟ್ಟಿರ್ತೀರಿ" ಅಂದರು.

ಅಣ್ಣ ಎದ್ದ. ನಾನು ತಂದ ಟೀ ಲೋಟ ಅಲ್ಲೇ ಉಳಿಯಿತು, ಪೆಟ್ಟಿಗೆಯೂ ಉಳಿಯಿತು. ಚಪ್ಪಲಿ ಮೆಟ್ಟಿಕೊಂಡು ಹಿಂದೆ ತಿರುಗಿ ನೋಡದೆ ಹೋದ. ಮೂರು ವಾರ ಫೋನಿಲ್ಲ, ಮುಖ ಇಲ್ಲ. ನಾನು ಮಾಡಿದರೆ ಎತ್ತಲಿಲ್ಲ. ಅಡುಗೆಮನೆಯಲ್ಲಿ ಎಷ್ಟು ಸಲ ಅತ್ತೆನೋ. ಇವರ ಜೊತೆ ಮಾತು ಬೇಕಾದಷ್ಟಕ್ಕೆ ಮಾತ್ರ.

ನಾಲ್ಕನೇ ವಾರ ನನಗೂ ಸಾಕಾಗಿ, "ಆ ಪೆಟ್ಟಿಗೆ ನನ್ನ ಕಣ್ಣಿಗೆ ಬೀಳಬಾರದು, ತೆಗೀರಿ" ಅಂದೆ. ಇವರು ಬಿಚ್ಚಿದ್ದನ್ನು ಮತ್ತೆ ಜೋಡಿಸಿ, ಅದನ್ನು ಎಳೆದು ಪಡಸಾಲೆಗೆ ಇಟ್ಟರು. ಖಾಲಿಯಾದ ಮೂಲೆಗೆ ತಮ್ಮದನ್ನು ತಳ್ಳಿ ಹಾಡು ಹಾಕಿದರು. ಅಡುಗೆಮನೆಯ ಶೆಲ್ಫಿನಲ್ಲಿ ತಟ್ಟೆಗಳು ಗಲಗಲ ಅಂದವು. ಏನಾಯಿತಪ್ಪಾ ಅಂತ ಓಡಿ ಬಂದರೆ ಇವರು ಬಿಳಿಚಿಕೊಂಡು ನಿಂತಿದ್ದಾರೆ.

"ಅವತ್ತು ಭಾವನ ಬಾಕ್ಸನ್ನ ಈ ಮೂಲೇಲಿ ಇಟ್ಟಿದ್ದು ಯಾರು?"

"ಇನ್ಯಾರು, ನೀವೇ. ಗೀರು ಬೀಳುತ್ತೆ ಅಂತ."

ಎರಡು ಪೆಟ್ಟಿಗೆಗಳನ್ನೂ ಮೂಲೆಗೆ, ಬಾಗಿಲ ಪಕ್ಕಕ್ಕೆ, ಅದಲು ಬದಲು ಮಾಡಿ ಸಾಯಂಕಾಲದವರೆಗೂ ಕೇಳಿದರು. ಮೂಲೆಯಲ್ಲಿ ಯಾವುದಿದ್ದರೂ ಅದೇ ರಾಜ. ಎರಡು ಗೋಡೆಗಳೂ ಸೇರಿ ಪೆಟ್ಟಿಗೆಯ ಬಾಯನ್ನೇ ದೊಡ್ಡದು ಮಾಡ್ತವೆ ಅಂತ ಕೈ ಅಗಲಿಸಿ ತೋರಿಸಿದರು. ಒಂದೇ ಜಾಗದಲ್ಲಿಟ್ಟರೆ ಎರಡು ಪೆಟ್ಟಿಗೆಗಳ ನಡುವೆ ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ. ಮರ್ಯಾದೆಗೆ ಒಳ್ಳೇ ಜಾಗ ಕೊಟ್ಟವರೂ ಇವರೇ, ಮೋಸಗಾರ ಅಂದವರೂ ಇವರೇ. ಆಮೇಲೆ ಗೋಡೆಗೆ ಒರಗಿ ಕೂತು, "ನಾನು ಎಂಥ ಕತ್ತೆ ಕಣೇ" ಅಂದರು. ನಾನು ಇಲ್ಲ ಅನ್ನಲಿಲ್ಲ.

ಮಾರನೇ ದಿನ ಅಣ್ಣನ ಪೆಟ್ಟಿಗೆಯನ್ನು ತಳ್ಳುಗಾಡಿಗೆ ಹಾಕಿಕೊಂಡು ಇಬ್ಬರೂ ಹೋದೆವು. ದಾರಿಯುದ್ದಕ್ಕೂ ಇವರ ತುಟಿ ಅಲ್ಲಾಡುತ್ತಿತ್ತು, ಹೇಳಬೇಕಾದ ಮಾತನ್ನು ಉರು ಹೊಡೀತಿದ್ದರು. ಅಣ್ಣ ಅಂಗಡಿಯಲ್ಲಿ ರೇಡಿಯೋ ಬಿಚ್ಚಿಕೊಂಡು ಕೂತಿದ್ದ, ತಲೆ ಎತ್ತಲಿಲ್ಲ. ಅತ್ತಿಗೆ ನನ್ನನ್ನು ಅಂಗಡಿ ಹಿಂದಿನ ಮನೆಯೊಳಗೆ ಎಳೆದುಕೊಂಡು ಹೋದರು.

"ನಿಮ್ಮಣ್ಣಂದೂ ಕಡಿಮೆ ಇಲ್ಲ ಕಣಮ್ಮ" ಅಂತ ಪಿಸುಗುಟ್ಟಿದರು. "ಅವತ್ತು ಮನೆಗೆ ಬಂದೋರು ಅರ್ಧ ಸಿಟ್ಟು, ಅರ್ಧ ನಗು. 'ಮೂಲೇಲಿ ಇಟ್ಟಾಗಲೇ ಗೊತ್ತಾಯ್ತು ನಾನು ಗೆದ್ದೆ ಅಂತ, ಬಾಯಿ ಬಿಡಲಿಲ್ಲ' ಅಂದ್ರು."

ನನಗೆ ಮೈಯೆಲ್ಲ ಉರಿದುಹೋಯಿತು. ಒಬ್ಬರ ಅನುಮಾನ, ಇನ್ನೊಬ್ಬನ ಕಿತಾಪತಿ, ಮಧ್ಯದಲ್ಲಿ ಮೂರು ವಾರ ಕಣ್ಣೀರು ಹಾಕಿದವಳು ನಾನು! ಇವತ್ತು ಇಬ್ಬರಿಗೂ ಗ್ರಹಚಾರ ಬಿಡಿಸ್ತೀನಿ ಅಂತ ಅಂಗಡಿಗೆ ನುಗ್ಗಿದೆ. ಇವರು ಅಲ್ಲಿ ಕೈ ಕಟ್ಟಿಕೊಂಡು ನಿಂತಿದ್ದರು.

"ತಪ್ಪಾಯ್ತು ಭಾವ" ಅಂದರು. "ಮೂಲೇಲಿ ಇಟ್ಟೋನು ನಾನೇ. ನಿಮ್ಮನ್ನ ಏನೇನೋ ಅಂದುಬಿಟ್ಟೆ."

ಇವರ ಬಾಯಲ್ಲಿ ಆ ಮಾತು ನಾನು ಯಾವತ್ತೂ ಕೇಳಿರಲಿಲ್ಲ. ಅಣ್ಣ ಬಿಚ್ಚಿದ ರೇಡಿಯೋ ಪಕ್ಕಕ್ಕೆ ಸರಿಸಿದ.

"ತಪ್ಪು ನಂದೂ ಇದೆ ಭಾವ. ಮೂಲೆ ವಿಷಯ ನನಗೆ ಅವತ್ತೇ ಗೊತ್ತಿತ್ತು. ಒಂದು ಸಲ ನಿಮ್ಮನ್ನ ಸೋಲಿಸೋಣ ಅಂತ ಸುಮ್ಮನಿದ್ದೆ. ನೀವು ಅನುಮಾನ ಪಟ್ಟಿದ್ದು ಸರಿಯಾಗೇ ಇತ್ತು."

ಇವರು ಅವನ ಭುಜ ತಟ್ಟಿದರು. ಟೀ ಬಂತು, ಇಬ್ಬರೂ ಕುಡಿದರು. ನನ್ನ ಬೈಗುಳ ಗಂಟಲಲ್ಲೇ ಉಳಿಯಿತು.

ಖಾಲಿ ಗಾಡಿ ತಳ್ಳಿಕೊಂಡು ವಾಪಸ್ ಬರುವಾಗ ಇವರು ಗಕ್ಕನೆ ನಿಂತರು. ಕಣ್ಣು ಒದ್ದೆಯಾಗಿತ್ತು.

"ನಿಮ್ಮಣ್ಣ ಹೇಳಿದ್ದು ಸುಳ್ಳು ಕಣೇ."

"ಯಾವುದು?"

"ಅವರಿಗೆ ಮೂಲೆ ವಿಷಯ ಏನೂ ಗೊತ್ತಿರಲಿಲ್ಲ. ನಾನು ತಲೆ ತಗ್ಗಿಸಬಾರದು ಅಂತ ತಪ್ಪನ್ನ ತಮ್ಮ ಮೇಲೆ ಹಾಕ್ಕೊಂಡ್ರು. ಅಂಥ ಮನುಷ್ಯನ ಬಾಕ್ಸನ್ನ ಬಿಚ್ಚಿದೆನಲ್ಲೇ ನಾನು! ಹೌದು ತಾನೇ?"

ಅತ್ತಿಗೆಯ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಹೌದು ರೀ" ಅಂದೆ. "ಅವನು ಮೊದಲಿಂದಲೂ ಹಾಗೇ."

ಈ ಇಪ್ಪತ್ತೆರಡು ವರ್ಷದಲ್ಲಿ ನಾನು ಇವರಿಗೆ ಹೇಳಿದ ಒಂದೇ ಒಂದು ಸುಳ್ಳು ಅದು. ಇವರು "ನಿಜವಾಗಲೂ?" ಅಂತ ಕೇಳಲಿಲ್ಲ, ಗಾಡಿ ತಳ್ಳಿಕೊಂಡು ಮುಂದೆ ನಡೆದರು.