ಬೆನ್ನಿನ ನೀರು ತೆಗೆಯಬೇಡಿ ಎಂದವಳು ನಾನು

ಸ್ವಲ್ಪ ತಾಳಿ. ಬೆರಳಾಡಿಸಿ ಮುಂದಕ್ಕೆ ಹೋಗಬೇಡಿ, ಇದನ್ನು ಓದಿಯೇ ಹೋಗಿ. ನನ್ನ ತಮ್ಮ ಶರಣುವಿನ ಬೆನ್ನಿನಿಂದ ನೀರು ತೆಗೆಯುವ ಪರೀಕ್ಷೆಯನ್ನು ತಪ್ಪಿಸಿದ್ದು ನಮ್ಮ ದೊಡ್ಡವ್ವ ಅಲ್ಲ. ನಾನು. ಏಳು ವರ್ಷ ಮನೆಮಂದಿಯೆಲ್ಲ ಆಕೆಯನ್ನು ಬೈಯುವಾಗ ಸುಮ್ಮನೆ ಕೂತವಳೂ ನಾನೇ.

ಆಗ ನನಗೆ ಹದಿನಾರು. ಚಿಂಚೋಳಿ ತಾಲ್ಲೂಕಿನ ಕೊಡ್ಲಿ ನಮ್ಮೂರು. ಮೆದುಳೆಂದರೆ ನನಗೊಂದು ಹುಚ್ಚು. ಯಾರೂ ಕಲಿಸಿದ್ದಲ್ಲ—ಮೊಬೈಲಿನ ವಿಡಿಯೊಗಳು, ಸೇಡಂನಲ್ಲಿ ಸಿಕ್ಕ ರಟ್ಟು ಹರಿದ ಒಂದು ಪುಸ್ತಕ, ಅಷ್ಟೇ. ಮೆದುಳಿಗೆ ಮೂರು ಹೊದಿಕೆ ಇವೆ ನೋಡಿ: ಹೊರಗಿನದು ದಪ್ಪ, ನಡುವಿನದು ಜೇಡರ ಬಲೆಯಂಥದ್ದು, ಒಳಗಿನದು ಮೆದುಳಿಗೇ ಅಂಟಿದ ತೆಳು ಪೊರೆ. ಒಳಗಿನ ಆ ಎರಡರ ಮಧ್ಯೆ ತಿಳಿನೀರು. ಮೆದುಳು ಅದರಲ್ಲಿ ತೇಲುತ್ತದೆ. ಅದೇ ನೀರು ಬೆನ್ನುಹುರಿಯ ಸುತ್ತಲೂ ಇರುತ್ತದೆ. ಇದನ್ನು ಊಟಕ್ಕೆ ಕೂತವರಿಗೆಲ್ಲ ಹೇಳುತ್ತಿದ್ದೆ. ಅಪ್ಪ ನನ್ನ ಹೆಸರನ್ನೇ ಬಿಟ್ಟು ‘ಶಾಣ್ಯಾಕಿ’—ಜಾಣೆ—ಎಂದು ಕರೆಯುತ್ತಿದ್ದ.

ಒಂಬತ್ತು ವರ್ಷದ ಶರಣುವಿಗೆ ಜ್ವರ ಬಂತು. ವಾಂತಿ, ಬೆಳಕು ಕಂಡರೆ ಅಳು, ಕುತ್ತಿಗೆ ಬಗ್ಗದು. ಕಲಬುರಗಿಯ ಆಸ್ಪತ್ರೆಗೆ ಒಯ್ದೆವು. ಮೆದುಳಿನ ಹೊದಿಕೆಗೇ ಸೋಂಕು ತಗುಲಿದಂತಿದೆ, ಔಷಧ ಶುರು ಮಾಡಿದ್ದೇವೆ, ಯಾವ ಸೋಂಕು ಎಂದು ತಿಳಿಯಲು ಬೆನ್ನಿನಿಂದ ಸ್ವಲ್ಪ ನೀರು ತೆಗೆಯಬೇಕು, ಸಹಿ ಮಾಡಿ ಎಂದರು ಡಾಕ್ಟರ್.

ಜೊತೆಗೆ ಬಂದಿದ್ದ ದೊಡ್ಡವ್ವ—ಅಪ್ಪನ ಅಣ್ಣನ ಹೆಂಡತಿ—ಕೂಗಿಯೇಬಿಟ್ಟಳು. “ಬ್ಯಾಡ್ರಿ ಸಾಹೇಬ್ರ! ಬೆನ್ನಾನ ನೀರು ತಗದ್ರ ಕಾಲು ಹೋಗ್ತಾವ!”

ಎಲ್ಲರಿಗೂ ನೆನಪಿರುವುದು ಈ ಕೂಗು. ಅದರ ನಂತರದ್ದು ಯಾರಿಗೂ ನೆನಪಿಲ್ಲ. ನನಗಿದೆ.

“ಸುಮ್ಕ ಕುಂದರ್ರಿ ವೈನಿ. ಡಾಕ್ಟರಗಿಂತ ನಿಮಗ ಭಾಳ ಗೊತ್ತೇನು?” ಎಂದು ಅಪ್ಪ ಪೆನ್ನು ಹಿಡಿದ. ಹಿಡಿದವನು ನನ್ನ ಕಡೆ ತಿರುಗಿದ. “ಶಾಣ್ಯಾಕಿ, ನೀ ಓದೀದಿ. ನೀ ಏನ್ ಅಂತಿ?”

“ಬ್ಯಾಡಪ್ಪ,” ಅಂದೆ. “ಆ ನೀರಿನ್ಯಾಗೇ ಮೆದುಳು ತೇಲ್ತದ. ನೀರು ತಗದ್ರ ಮೆದುಳು ಎಲುಬಿನ ಮ್ಯಾಲ ಕುಂದರ್ತದ.”

ಡಾಕ್ಟರ್ ನಕ್ಕರು, ಆಮೇಲೆ ತಿಳಿಸಿ ಹೇಳಲು ನೋಡಿದರು. ಅಪ್ಪ ಕೇಳಲಿಲ್ಲ. ಪೆನ್ನು ಕೈಯಲ್ಲೇ ಇತ್ತು. ಇಲ್ಲೇ ಇದ್ದರೆ ನೀರು ತೆಗೆದೇ ತೆಗೆಯುತ್ತಾರೆ ಎಂದು ಹೆದರಿ, ನಮ್ಮ ಜವಾಬ್ದಾರಿಯ ಮೇಲೆ ಕರೆದೊಯ್ಯುತ್ತೇವೆ ಎಂಬ ಬೇರೆ ಕಾಗದಕ್ಕೆ ಸಹಿ ಹಾಕಿದ.

ಊರಿಗೆ ಬಂದ ಎರಡನೇ ದಿನ ಶರಣುವಿಗೆ ಫಿಟ್ಸ್ ಬಂತು. ಮತ್ತೆ ಅದೇ ಆಸ್ಪತ್ರೆ. ಈ ಸಲ ನೀರು ತೆಗೆದರು—ಒಂದೆರಡು ಚಮಚೆ. ಕಾಲು ಹೋಗಲಿಲ್ಲ. ಮೆದುಳು ಯಾವ ಎಲುಬಿನ ಮೇಲೂ ಕೂರಲಿಲ್ಲ. ದೇಹ ಆ ನೀರನ್ನು ದಿನವಿಡೀ ಹೊಸದಾಗಿ ಮಾಡುತ್ತಲೇ ಇರುತ್ತದೆ. ಅದು ನನ್ನ ಪುಸ್ತಕದಲ್ಲೇ ಇತ್ತು, ತೇಲುವ ಚಿತ್ರದ ಮುಂದಿನ ಪುಟದಲ್ಲಿ. ನಾನು ಆ ಪುಟ ತಿರುಗಿಸಿರಲಿಲ್ಲ.

ಜೀವ ಉಳಿಯಿತು. ಎರಡೂ ಕಿವಿ ಹೋದವು. ಒಳಗಿವಿಗೂ ಈ ನೀರಿಗೂ ನಡುವೆ ಒಂದು ಸಣ್ಣ ದಾರಿ ಇದೆ, ಬಾವು ಅಲ್ಲಿಗೂ ಹಬ್ಬುತ್ತದೆ—ಈಗ ಗೊತ್ತು. ಮೊದಲ ದಿನದಿಂದ ಬಿಡದೆ ಔಷಧ ಕೊಟ್ಟಿದ್ದರೂ ಕಿವಿ ಹೋಗಬಹುದಿತ್ತು ಎಂದು ಡಾಕ್ಟರ್ ಹೇಳಿದ್ದುಂಟು. ಆ ಮಾತಿನ ಹಿಂದೆ ಅಡಗುವುದಿಲ್ಲ ನಾನು. ಔಷಧವಿಲ್ಲದೆ ಎರಡು ದಿನ ಹೋದವಲ್ಲ... ಆ ಎರಡು ದಿನ ನನ್ನವು.

ಹೋದ ತಿಂಗಳು ದೊಡ್ಡವ್ವನ ಮೊಮ್ಮಗಳ ತೊಟ್ಟಿಲ ಕಾರ್ಯ. ಕರೆಯಲು ಬಂದವರಿಗೆ ಅವ್ವ ಬಾಗಿಲಲ್ಲೇ ಹೇಳಿದಳು: “ಆಕಿ ಬಾಯಿಂದ ನನ್ನ ಮಗನ ಕಿವಿ ಹೋಗ್ಯಾವ. ನಾ ಬರಾಂಗಿಲ್ಲ.” ನಾನು ಸೀದಾ ದೊಡ್ಡವ್ವನ ಮನೆಗೆ ನಡೆದೆ. ನೆರೆದಿದ್ದ ಹೆಂಗಸರೆಲ್ಲರ ಮುಂದೆ ಹೇಳಿಬಿಟ್ಟೆ.

ದೊಡ್ಡವ್ವ ಮಗುವನ್ನು ಭುಜಕ್ಕೆ ಹಾಕಿಕೊಂಡಳು. “ಏಳು ವರ್ಷ ಬಾಯಾಗ ಏನು ಹೋಳಿಗಿ ಇತ್ತೇನವ್ವ?” ಅಷ್ಟೇ ಅಂದಳು. ಕೂತುಕೋ ಅನ್ನಲಿಲ್ಲ.

ಅಪ್ಪ ಕೇಳಿ ಸಿಟ್ಟಿಗೆದ್ದ. “ನೀ ಆಗ ಸಣ್ಣಾಕಿ. ಸಹಿ ಮಾಡ್ದಾಂವ ನಾ. ಮಂದಿ ಮುಂದ ಯಾಕ ಹೇಳಾಕತ್ತಿ? ಆ ಮೆದುಳಿನ ಪುಸ್ತಕ ಇನ್ನ ಒಗಿ.”

ಎಸೆಯುವುದಿಲ್ಲ. ಅರ್ಧ ಓದಿ ಕೆಟ್ಟೆ, ಪೂರ್ತಿ ಓದುತ್ತೇನೆ. ಮಂದಿ ಮುಂದೆಯೂ ಹೇಳುತ್ತೇನೆ, ಇಗೋ, ಹೇಳಿದೆ. ದೊಡ್ಡವ್ವ ಅಂದದ್ದೂ ತಪ್ಪೇ. ಆದರೆ ಆಕೆಯ ಮಾತನ್ನು ಅಪ್ಪ ತಳ್ಳಿಹಾಕಿದ್ದ. ನನ್ನ ಮಾತನ್ನು ನಂಬಿದ. ಸಣ್ಣವಳಿದ್ದೆ ಎಂದು ನನ್ನನ್ನು ಸಮಾಧಾನ ಮಾಡಲು ಯಾರೂ ಬರಬೇಡಿ. ಹದಿನಾರಕ್ಕೆ ಸಣ್ಣವಳು, ಸರಿ. ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡಕ್ಕೆ?

ಶರಣುವಿಗೆ ಮೊಬೈಲಿನಲ್ಲಿ ಬರೆದು ತೋರಿಸಿದೆ. ಎರಡು ಸಲ ಓದಿದ. ಅವನ ದನಿ ಎಷ್ಟು ಜೋರೆಂದು ಅವನಿಗೇ ತಿಳಿಯದು, ಓಣಿಗೆಲ್ಲ ಕೇಳಿಸಿತು: “ಈಗ ಹೇಳಿದ್ರ ನಾ ಏನ್ ಮಾಡ್ಲಿ ಇದನ್ನ?” ಅಂದಿನಿಂದ ನನ್ನ ಮುಖ ನೋಡುತ್ತಿಲ್ಲ. ಮುಖ ನೋಡದಿದ್ದರೆ ನನ್ನ ಮಾತು ಅವನಿಗೆ ಮುಟ್ಟುವುದಿಲ್ಲ. ಅದು ಅವನ ಹಕ್ಕು.

ಬೆನ್ನಿನ ನೀರು ತೆಗೆಯುವುದು ಬೇಡ ಎಂದು ನಿಮ್ಮ ಮನೆಯಲ್ಲೂ ಯಾರಾದರೂ ಅಂದಿದ್ದರೆ ಕೆಳಗೆ ಬರೆಯಿರಿ. ಏನಾಯಿತು ಎಂಬುದನ್ನೂ ಬರೆಯಿರಿ. ಅತ್ತೆ ಅಂದಳು, ಅಜ್ಜಿ ಅಂದಳು ಎಂದಲ್ಲ—ನೀವೇ ಅಂದಿದ್ದರೆ, ನಾನು ಅಂದೆ ಎಂದು ಬರೆಯಿರಿ.