ಅವ್ವನ ಮಾರು

ಈ ವರ್ಷ ಅವ್ವ ತೀರಿಕೊಂಡ ಮೇಲೆ ಅವಳ ಟ್ರಂಕು ತೆಗೆದೆ. ಒಣಗಿದ ಬೇವಿನೆಲೆಯ ವಾಸನೆ. ಸೀರೆಗಳ ಕೆಳಗೆ ನನ್ನ ಪಿಯುಸಿಯ ಫಿಜಿಕ್ಸ್ ನೋಟ್‌ಬುಕ್ಕು ಇತ್ತು. ಅದನ್ನು ಅವಳು ಯಾಕೆ ಎತ್ತಿಟ್ಟಿದ್ದಳೋ... ಕೊನೆಯ ಪುಟದಲ್ಲಿ ಆ ಶನಿವಾರದ ಲೆಕ್ಕ.

ಎಪ್ಪತ್ತರ ದಶಕದ ಕೊನೆ. ದೇವದುರ್ಗದಲ್ಲಿ ಶನಿವಾರ ಬೆಳಗಿನ ಹೊತ್ತಷ್ಟೇ ಕ್ಲಾಸು. ಹಿಂದಿನ ವರ್ಷ ನಾನು ಫಿಜಿಕ್ಸಿನಲ್ಲಿ ಫೇಲಾಗಿದ್ದೆ. ಈ ಸಲವೂ ಹೋದರೆ ಓದು ಸಾಕು ಎಂದು ಅಪ್ಪ ಹೇಳಿಯಾಗಿತ್ತು. ಫಿಜಿಕ್ಸ್ ಕಲಿಸುವ ಸರ್ ಮಾತ್ರ ನನ್ನನ್ನು ಮತ್ತೆ ಮುಂದಿನ ಬೆಂಚಿನಲ್ಲಿ ಕೂರಿಸಿಕೊಂಡಿದ್ದರು. ಅವರ ಮನೆ ರಾಯಚೂರಿನಲ್ಲಿ. ಮನೆಯ ಮಾತು ದಖನಿ ಉರ್ದು. ವಾರವೆಲ್ಲ ಇಲ್ಲಿದ್ದು ಶನಿವಾರ ಮಧ್ಯಾಹ್ನದ ಬಸ್ಸಿಗೆ ಹೋಗುತ್ತಿದ್ದರು.

ನಮ್ಮಲ್ಲಿ ಬಿಳಿ ಸೀಮೆಸುಣ್ಣವಷ್ಟೇ ಇತ್ತು. ಅದರಿಂದ ಸರ್ ಅಂಕಿ ಬರೆಯುತ್ತಿದ್ದರು. ಯೂನಿಟ್ ಬರೆಯಲು ಕಾಂಪೌಂಡಿನ ಬಳಿ ಆಯ್ದ ಇಟ್ಟಿಗೆ ಚೂರು ಅವರ ಜೇಬಿನಲ್ಲಿರುತ್ತಿತ್ತು. ಉತ್ತರಕ್ಕಷ್ಟೇ ಅಲ್ಲ, ಪ್ರತಿ ಸಾಲಿನ ಪ್ರತಿ ಅಂಕಿಗೂ ಕೆಂಪು ಯೂನಿಟ್ ಇರಬೇಕು. ನಮ್ಮ ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿ.

ಆ ವಾರ, ಮನೆಯ ಬಾವಿಯಿಂದ ಒಂದು ಕೊಡ ನೀರು ಸೇದಲು ಎಷ್ಟು ಕೆಲಸ ಆಗುತ್ತದೆ, ಲೆಕ್ಕ ಮಾಡಿ ಎಂದಿದ್ದರು. ನಾನು ಕೊಡದ ತೂಕ ಹನ್ನೆರಡು, ಗುರುತ್ವ ಒಂಬತ್ತು ಪಾಯಿಂಟ್ ಎಂಟು, ಆಳ ಆರು ಎಂದು ಗುಣಿಸಿ, ಕೊನೆಗೆ ಮಾತ್ರ ‘ಜೂಲ್’ ಎಂದು ಬರೆದಿದ್ದೆ. ಶನಿವಾರ ಸರ್ ಅದನ್ನು ನೋಡಿದರು.

“ಬಾವಿ ಎಷ್ಟು ಆಳ?”

“ಆರು ರೀ ಸರ್.”

“ಆರು ಏನು? ಆರು ಎಮ್ಮಿ ಏನು?”

ಕ್ಲಾಸು ನಕ್ಕಿತು. “ಆರು ಮಾರು ರೀ,” ಅಂದೆ. ಎರಡೂ ಕೈ ಚಾಚಿದಷ್ಟು ಉದ್ದ ಒಂದು ಮಾರು. ನಮ್ಮ ಕಡೆ ಬಾವಿಯ ಹಗ್ಗವನ್ನು ಅಳೆಯುವುದು ಹಾಗೆಯೇ.

“ಯಾರ ಮಾರು?”

“ನಮ್ಮವ್ವಂದು ರೀ.”

“ಆಕಿ ಅವ್ವ ಗಿಡ್ಡ ಅದಾಳ್ರಿ ಸರ್, ಅದಕ್ಕ ಬಾವಿ ಆಳ ಆಗ್ಯದ!” ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ.

ಸರ್ ಬೈಯಲಿಲ್ಲ. “ಶಾಬಾಶ್! ಇಂವ ಹೇಳಿದ್ದು ಖರೇನ ಅದ. ಅವ್ವನ ಮಾರು ಎಷ್ಟು ಮೀಟರ್ ಅಂತ ತಿಳಿಯೋ ತನಕ ಬಾವಿ ಆಳ ತಿಳಿಯಂಗಿಲ್ಲ. ಸೋಮವಾರ ಅಳದುಕೊಂಡು ಬಾ, ಬೇಟಿ. ನಾ ನೋಡಿ ಸಹಿ ಹಾಕ್ತೀನಿ.”

ಇಟ್ಟಿಗೆ ಚೂರನ್ನು ಜೇಬಿಗೆ ಹಾಕಿಕೊಂಡು ಬಸ್ಸಿಗೆ ಹೊರಟರು.

ಸಂಜೆ ಪಕ್ಕದ ಮನೆಯ ದರ್ಜಿಯಿಂದ ಟೇಪು ತಂದೆ. ಅವ್ವ ಬಾವಿಕಟ್ಟೆಯ ಬಳಿ ಕೈ ಚಾಚಿ ನಿಂತಳು. “ನನ್ನ ಅಳತಿ ತಗೊಂಡು ಏನ್ ಮಾಡ್ತಾರ ನಿಮ್ಮ ಸರ್? ಕುಬಸ ಹೊಲಿಸಿ ಕೊಡ್ತಾರೇನು?” ನೂರೈವತ್ತು ಸೆಂಟಿಮೀಟರ್, ಅಂದರೆ ಒಂದೂವರೆ ಮೀಟರ್. ಬಾವಿ ಒಂಬತ್ತು ಮೀಟರ್. ಮತ್ತೆ ಗುಣಿಸಿದೆ. ಪ್ರತಿ ಅಂಕಿಗೂ ಕೆಂಪು ಯೂನಿಟ್ ಹಚ್ಚಿದೆ. ಸಾವಿರದ ಐವತ್ತೆಂಟು ಪಾಯಿಂಟ್ ನಾಲ್ಕು ಜೂಲ್.

ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಪ್ರಿನ್ಸಿಪಾಲರು ನಮ್ಮನ್ನು ನಿಲ್ಲಿಸಿದರು. ಭಾನುವಾರ ರಾಯಚೂರಿನಲ್ಲಿ ಸರ್‌ಗೆ ಎದೆನೋವು ಬಂತು, ಉಳಿಯಲಿಲ್ಲ ಎಂದರು. ನೋಟ್‌ಬುಕ್ಕು ನನ್ನ ಕೈಯಲ್ಲೇ ಇತ್ತು...

ಪರೀಕ್ಷೆಗೆ ಎರಡು ತಿಂಗಳಿತ್ತು. ಬೇರೆ ಮಾಸ್ತರರು ಬರಲಿಲ್ಲ. ನಾನು ದಿನಾ ಬೆಳಿಗ್ಗೆ ಬಾವಿಕಟ್ಟೆಯ ಕಲ್ಲಿನ ಮೇಲೆ ಲೆಕ್ಕ ಮಾಡಿದೆ. ಅಂಕಿಗೆ ಸುಣ್ಣ, ಯೂನಿಟ್‌ಗೆ ಇಟ್ಟಿಗೆ ಚೂರು. ತಪ್ಪಾದರೆ ನೀರು ಸುರಿದು ಮತ್ತೆ ಮೊದಲಿನಿಂದ. ಅಳುವುದಿದ್ದರೆ ಲೆಕ್ಕ ಮುಗಿದ ಮೇಲೆ ಎಂದುಕೊಂಡಿದ್ದೆ. ಅವ್ವ ಕೊಡ ಹಿಡಿದು ಬಂದರೆ ಬರೆದದ್ದನ್ನು ತುಳಿಯದೆ ಸುತ್ತು ಹಾಕಿ ಹೋಗುತ್ತಿದ್ದಳು.

ಪರೀಕ್ಷೆಯಲ್ಲಿ ಕೆಂಪು ಶಾಯಿ ಬಳಸುವಂತಿರಲಿಲ್ಲ. ನೀಲಿಯಲ್ಲೇ ಯೂನಿಟ್ ಬರೆದೆ. ಎತ್ತರದಿಂದ ಬೀಳುವ ಕಲ್ಲಿನ ಶಕ್ತಿಯ ಲೆಕ್ಕ ಬಂತು. ಉತ್ತರ ಬರೆಯುವ ಮುನ್ನ ಯೂನಿಟ್‌ಗಳ ಮೇಲೆ ಬೆರಳಿಟ್ಟು ನಡೆದೆ. ಕಿಲೋಗ್ರಾಂ ಇರಬೇಕಾದಲ್ಲಿ ಗ್ರಾಂ ಕೂತಿತ್ತು. ಅದು ಜೂಲ್ ಆಗುವುದಿಲ್ಲ. ಹಿಂದಕ್ಕೆ ಹೋಗಿ ತಿದ್ದಿದೆ. ಹಿಂದಿನ ವರ್ಷವಾಗಿದ್ದರೆ ಕಾಣುತ್ತಲೇ ಇರಲಿಲ್ಲ.

ಪಾಸಾದೆ. ಬಿ.ಎಸ್ಸಿ.ಗೆ ರಾಯಚೂರಿಗೆ ಹೋಗಲು ಬಸ್ಸು ಹತ್ತುವಾಗ ಟೇಪಿನ ಮಾತು ತೆಗೆದು ಅವ್ವ ನಕ್ಕಳು.

ಈಗ ಆ ಪುಟ ನನ್ನ ಮುಂದಿದೆ. ಕೆಂಪು ಶಾಯಿ ಕಂದಾಗಿದೆ. ಅವ್ವನ ಮಾರು ಒಂದೂವರೆ ಮೀಟರ್ ಎಂದು ಅದರಲ್ಲಿದೆ. ಉತ್ತರವೂ ಇದೆ. ಅದರ ಪಕ್ಕ ಸರ್ ಸಹಿ ಇಲ್ಲ.